ಫೆಟ್ ಸಿಮ್ಯುಲೇಷನ್: ನಾಲ್ಕು ವರ್ಷ ಕ್ಲಾಸಲ್ಲಿ ಬಳಸಿದ ಮೇಲೆ

ಉಡುಪಿ ಹತ್ರದ ಒಂದು ಹೈಸ್ಕೂಲಲ್ಲಿ ಸೈನ್ಸ್ ಟೀಚರ್ ನಾನು. ನೊಬೆಲ್ ಬಂದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೋ ಯೂನಿವರ್ಸಿಟಿಯಲ್ಲಿ ಶುರು ಮಾಡಿದ ಫೆಟ್ (PhET) ಸಿಮ್ಯುಲೇಷನ್, ಅಂದ್ರೆ ಕಂಪ್ಯೂಟರ್ ಸ್ಕ್ರೀನಲ್ಲೇ ಮಾಡಿ ನೋಡುವ ಸೈನ್ಸ್ ಪ್ರಯೋಗ ಉಂಟಲ್ಲ, ಅದನ್ನು ನಾಲ್ಕು ವರ್ಷದಿಂದ ಹತ್ತನೇ ಕ್ಲಾಸಿಗೆ ತೋರಿಸ್ತಾ ಇದ್ದೇನೆ. ದುಡ್ಡು ಕೊಡ್ಲಿಕ್ಕಿಲ್ಲ. ಜಾಸ್ತಿ ಬಳಸಿದ್ದು ಸರ್ಕ್ಯೂಟ್ ಕಟ್ಟುವಂಥದ್ದು.

ಮೊದಲ ಬಲ್ಬ್ ಕರೆಂಟನ್ನು ತಿಂದು ಬಿಡ್ತದೆ, ಎರಡನೇದಕ್ಕೆ ಕಮ್ಮಿ ಬರ್ತದೆ ಅಂತ ಪ್ರತಿ ವರ್ಷ ಅರ್ಧ ಕ್ಲಾಸ್ ಹೇಳ್ತದೆ, ಬೋರ್ಡಲ್ಲಿ ಎಷ್ಟು ಬರೆದ್ರೂ ಅದು ತಲೆಯಿಂದ ಹೋಗುದಿಲ್ಲ, ಇದ್ರಲ್ಲಿ ಬಲ್ಬಿನ ಆಚೆ ಈಚೆ ಎಲೆಕ್ಟ್ರಾನ್ ಚುಕ್ಕೆಗಳು ಒಂದೇ ಸ್ಪೀಡಲ್ಲಿ ಓಡುದನ್ನು ಕಂಡ ಮೇಲೆ ಮಕ್ಕಳೇ "ಓ, ಎರಡೂ ಕಡೆ ಒಂದೇ ಉಂಟು" ಅಂತಾರೆ. ಇದಕ್ಕೆ ಫುಲ್ ಮಾರ್ಕ್ಸ್.

ಆದ್ರೆ ಮೊದಲ ವರ್ಷ ನಾನು ತಪ್ಪು ಮಾಡಿದೆ. ಲ್ಯಾಬಿನ ಕ್ಲಿಪ್ಪೆಲ್ಲ ಉಪ್ಪುಗಾಳಿಗೆ ತುಕ್ಕು ಹಿಡಿದಿತ್ತು ಅಂತ ಪಾಠ ಪೂರ್ತಿ ಸ್ಕ್ರೀನಲ್ಲೇ ಮುಗಿಸಿದೆ. ಆಮೇಲೆ ಕೈಗೆ ಸೆಲ್, ವಯರ್ ಕೊಟ್ರೆ ಒಬ್ಬಳು ವಯರಿನ ಪ್ಲಾಸ್ಟಿಕ್ ಸುಲಿಯದೆ ಹಾಗೇ ಸೆಲ್ಲಿಗೆ ಒತ್ತಿ ಹಿಡಿದು "ಟೀಚರ್, ಎಂತ ಉರಿಯುದಿಲ್ಲ?" ಅಂತ ಕೇಳಿದ್ಳು, ಸ್ಕ್ರೀನಲ್ಲಿ ಅದೇ ಹುಡುಗಿ ಎರಡು ನಿಮಿಷದಲ್ಲಿ ಪ್ಯಾರಲಲ್ ಕಟ್ಟಿದ್ಳು ಮಾರ್ರೆ! ತುಂಬಾ ಬೇಜಾರಾಯ್ತು.

ಈಗ ಮೊದಲು ಕೈ, ಆಮೇಲೆ ಸ್ಕ್ರೀನ್. ತುಕ್ಕನ್ನು ಮಕ್ಕಳೇ ಉಪ್ಪುಕಾಗದದಲ್ಲಿ ಉಜ್ಜಿ ತೆಗೀತಾರೆ, ಜೋಡಣೆ ಲೂಸಾದ್ರೆ ಬಲ್ಬ್ ಮಿಣುಕ್ತದೆ ಅಂತ ಅಲ್ಲೇ ಗೊತ್ತಾಗ್ತದೆ. ಇನ್ನೊಂದು, ಸಿಮ್ಯುಲೇಷನ್ನಿನ ಸಾದಾ ಬಲ್ಬಿನ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) 10 ಓಮ್ ಅಂದ್ರೆ ಯಾವಾಗ್ಲೂ 10 ಓಮೇ. ನಿಜವಾದ ಟಾರ್ಚ್ ಬಲ್ಬಿಗೆ ತಣ್ಣಗಿರುವಾಗ ಮಲ್ಟಿಮೀಟರ್ ಹಿಡಿದ್ರೆ 1 ಓಮಿನ ಆಸುಪಾಸು, ಅದ್ರ ಮೇಲೆ ಬರೆದ 2.5 ವೋಲ್ಟನ್ನು 0.3 ಆಂಪಿಯರಿಂದ ಭಾಗಿಸಿದ್ರೆ 8ಕ್ಕಿಂತ ಜಾಸ್ತಿ. ಮೀಟರ್ ಹಾಳಾಗಿದೆ ಅಂತ ಮಕ್ಕಳು ಮೂರು ಬಲ್ಬ್ ಬದಲಿಸಿ ನೋಡಿದ್ರು, ಫಿಲಮೆಂಟ್ ಬಿಸಿಯಾದ ಹಾಗೆ ರೆಸಿಸ್ಟೆನ್ಸ್ ಏರ್ತದೆ ಅಂತ ಹೇಳ್ಲಿಕ್ಕೆ ಅದಕ್ಕಿಂತ ಒಳ್ಳೆ ಹೊತ್ತು ಸಿಗುದಿಲ್ಲ.

ಶಾರ್ಟ್ ಸರ್ಕ್ಯೂಟ್ ಮಾತ್ರ ಸ್ಕ್ರೀನಲ್ಲೇ, ಅಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿದ್ರೂ ಯಾರ ಕೈಯೂ ಸುಡುದಿಲ್ಲ.

ತಗೊಳ್ಳುವವರು ಜೂನ್‌ಗಿಂತ ಮೊದಲೇ ಫೈಲ್ ಡೌನ್‌ಲೋಡ್ ಮಾಡಿ ಲ್ಯಾಪ್‌ಟಾಪಲ್ಲಿ ಇಟ್ಕೊಳ್ಳಿ, ಆಮೇಲೆ ನೆಟ್ ಇಲ್ಲದಿದ್ರೂ ಬ್ರೌಸರಲ್ಲಿ ತೆರೀತದೆ. ಕನ್ನಡದಲ್ಲೂ ಸುಮಾರು ಉಂಟು.