ದಶಮಾಂಶ ಕಲಿಸಲು ರೂಪಾಯಿ-ಪೈಸೆಯೋ, ಮೀಟರ್ ಪಟ್ಟಿಯೋ?

0.5 ದೊಡ್ಡದೋ 0.35 ದೊಡ್ಡದೋ ಅಂತ ಐದನೇ ಕ್ಲಾಸಿನ ಮಕ್ಕಳನ್ನು ಕೇಳಿ ನೋಡಿ. ಎಷ್ಟೋ ಮಕ್ಕಳು 0.35 ಎನ್ನುತ್ತಾರೆ. 5ಕ್ಕಿಂತ 35 ಜಾಸ್ತಿ ಅಲ್ವಾ! ಈ ತಪ್ಪನ್ನು ಯಾವುದು ಬಿಡಿಸುತ್ತದೆ ಅನ್ನುವುದೇ ಮುಖ್ಯ.

ರೂಪಾಯಿ-ಪೈಸೆಯಿಂದ ಶುರು ಮಾಡುವುದು ಸುಲಭ. ಆದರೆ 12.50 ಅನ್ನು ಮಗು 'ಹನ್ನೆರಡು ರೂಪಾಯಿ ಐವತ್ತು ಪೈಸೆ' ಎಂದು ಓದುತ್ತದೆ. ಬಿಂದುವಿನ ಆಚೆ ಈಚೆ ಎರಡು ಬೇರೆ ಸಂಖ್ಯೆ ಇದ್ದ ಹಾಗೆ. ಆ 5 ಅಂದರೆ ಹತ್ತರಲ್ಲಿ ಐದು ಭಾಗ ಅನ್ನುವುದು ಹೊಳೆಯುವುದೇ ಇಲ್ಲ. 25 ಪೈಸೆ ನಾಣ್ಯವಂತೂ 2011ರಲ್ಲೇ ಚಲಾವಣೆಯಿಂದ ಹೋಯಿತು. ಈಗಿನ ಮಕ್ಕಳಲ್ಲಿ ಪೈಸೆ ಕೈಯಲ್ಲಿ ಹಿಡಿದವರೇ ಅಪರೂಪ.

ಮೀಟರ್ ಪಟ್ಟಿಗೆ ಸ್ವಲ್ಪ ಕೆಲಸ ಬೇಕು. ಒಂದು ಮೀಟರ್ ಉದ್ದದ ಕಾಗದವನ್ನು ನೆಲಕ್ಕೆ ಅಂಟಿಸಿ. ಕೆಂಪು ಗೆರೆ ಎಳೆದು ಹತ್ತು ಭಾಗ ಮಾಡಿ. ಪ್ರತಿ ಭಾಗವನ್ನೂ ನೀಲಿ ಗೆರೆಯಿಂದ ಮತ್ತೆ ಹತ್ತು ಮಾಡಿ. 0.5 ಅಂದರೆ ಐದು ಕೆಂಪು ಭಾಗ. 0.35 ಅಂದರೆ ಮೂರು ಕೆಂಪು, ಐದು ನೀಲಿ. ಯಾವುದು ದೊಡ್ಡದು ಅಂತ ಕಣ್ಣಿಗೇ ಕಾಣುತ್ತದೆ. ಮಿಲಿಮೀಟರ್ ಇರುವುದರಿಂದ 0.305 ಕೂಡ ತೋರಿಸಬಹುದು. ಪೈಸೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಕೂಡಿ ಕಳೆಯುವ ಅಭ್ಯಾಸಕ್ಕೆ ದುಡ್ಡು ಸಾಕು. ಸ್ಥಾನಬೆಲೆ ಕಲಿಸಲು ಮಾತ್ರ ನಾನು ಪಟ್ಟಿಯನ್ನೇ ಆರಿಸುತ್ತೇನೆ.