ವಕೀಲ ಸಾಹೇಬರ ಬಾಕ್ಸಿಂಗ್ ಕ್ಲಾಸಿಗೆ ಮಗಳನ್ನು ಕಳಿಸಬಹುದಾ?

ಕಲಬುರಗಿಯಲ್ಲಿ ಹೆಣ್ಣುಮಕ್ಕಳಿಗೆ ಬಾಕ್ಸಿಂಗ್ ಎಲ್ಲಿ ಕಲಿಸುತ್ತಾರೆ ಅಂತ ಹುಡುಕುತ್ತಿರುವವರಿಗೆ ಇದು. ಚಂದ್ರಶೇಖರ ಪಾಟೀಲ ಕ್ರೀಡಾಂಗಣದಿಂದ ನಡೆದೇ ಹೋಗಬಹುದಾದ ದೂರದಲ್ಲಿ, ಒಂದು ಹಳೇ ಗೋದಾಮಿನಲ್ಲಿ ಈ ಕ್ಲಾಸು ನಡೆಯುತ್ತದೆ. ನಡೆಸುವವರು ಇಲ್ಲಿನ ಹೈಕೋರ್ಟ್ ಪೀಠದ ವಕೀಲರು. ಕಲಿಸಲು ಕೋಚ್ ಬೇರೆ ಇದ್ದಾರೆ. ಕಾಗದಪತ್ರ, ದುಡ್ಡು, ಪಂದ್ಯದ ಏರ್ಪಾಡು ವಕೀಲರದು. ಪಕ್ಕದ ತೆಲಂಗಾಣದ ನಿಜಾಮಾಬಾದಿನ ನಿಖತ್ ಜರೀನ್ 2022ರಲ್ಲಿ, ಮತ್ತೆ 2023ರಲ್ಲಿ ವಿಶ್ವ ಚಾಂಪಿಯನ್ ಆದದ್ದನ್ನು ನೋಡಿ, ಹತ್ತನೇ ಕ್ಲಾಸಿನ ನನ್ನ ಮಗಳು ಹಟ ಹಿಡಿದಳು. ಹಾಗೆ ಸೇರಿಸಿದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಲ್ಲಿನ ಕಾಗದ. ಒಪ್ಪಿಗೆ ಪತ್ರ ಕನ್ನಡದಲ್ಲೇ ಇದೆ. ಪೆನ್ನು ತೆಗೆದಾಗ ಸಾಹೇಬರು ತಡೆದರು: "ಪೂರ್ತಿ ಓದ್ರಿ ಅಕ್ಕಾರೆ, ಆಮೇಲೆ ಸಹಿ ಮಾಡ್ರಿ." ತಲೆಗೆ ಪೆಟ್ಟು ಬಿದ್ದರೆ ಡಾಕ್ಟರ್ ಹೂಂ ಅನ್ನುವ ತನಕ ರಿಂಗಿಗೆ ಇಳಿಸುವುದಿಲ್ಲ ಅಂತ ಅದರಲ್ಲಿ ಬರೆದಿದೆ. ಊರಲ್ಲಿ ಪಂದ್ಯ ನಡೆಸಿದರೆ ಟಿಕೆಟಿನಿಂದ ಬಂದದ್ದೆಷ್ಟು, ಶಾಮಿಯಾನಕ್ಕೆ, ಆಂಬುಲೆನ್ಸಿಗೆ ಹೋದದ್ದೆಷ್ಟು, ಉಳಿದದ್ದು ಯಾರಿಗೆ ಅನ್ನುವ ಲೆಕ್ಕವನ್ನು ಗೋಡೆಗೆ ಅಂಟಿಸುತ್ತಾರೆ. ಮಕ್ಕಳ ಆಟದಲ್ಲಿ ಇಂಥ ಲೆಕ್ಕ ನಾನೆಲ್ಲೂ ನೋಡಿರಲಿಲ್ಲ.

ಯಾಕೆ ಹೀಗೆ ಅಂತ ಕೇಳಿದರೆ ಸಾಹೇಬರು ಬಾಬ್ ಆರಮ್ ಕಥೆ ಹೇಳುತ್ತಾರೆ. ಆರಮ್ ಅಂದರೆ ಅಮೆರಿಕದ ಹೆಸರಾಂತ ಬಾಕ್ಸಿಂಗ್ ಪ್ರಮೋಟರ್, ಅಂದರೆ ದುಡ್ಡು ಹಾಕಿ ಪಂದ್ಯ ಏರ್ಪಡಿಸುವವರು. ಪ್ರಾಕ್ಟೀಸ್ ಮುಗಿದ ಮೇಲೆ ಮಕ್ಕಳನ್ನೂ ಕೂರಿಸಿಕೊಂಡು ಹೇಳುತ್ತಾರೆ. ಆರಮ್ 1931ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು, ಹಾರ್ವರ್ಡಿನಲ್ಲಿ ಕಾನೂನು ಓದಿದವರು. ಸರ್ಕಾರಿ ವಕೀಲರಾಗಿ ತೆರಿಗೆ ಕೇಸು ನೋಡುತ್ತಿದ್ದರು. 1962ರಲ್ಲಿ ಬಾಕ್ಸರುಗಳಾದ ಲಿಸ್ಟನ್ ಮತ್ತು ಪ್ಯಾಟರ್ಸನ್ ಪಂದ್ಯದ ದುಡ್ಡನ್ನು ಸರ್ಕಾರ ಜಪ್ತಿ ಮಾಡಿದಾಗ ಆ ಕೇಸು ಇವರ ಕೈಗೆ ಬಂತು. ಥಿಯೇಟರುಗಳಲ್ಲಿ ಪಂದ್ಯ ತೋರಿಸಿ ಎಷ್ಟು ದುಡ್ಡು ಮಾಡುತ್ತಾರೆ ಅನ್ನುವುದು ಆ ಕಡತಗಳಲ್ಲೇ ಕಂಡಿತು. ನಾಲ್ಕು ವರ್ಷಕ್ಕೆ ಅವರೇ ಮುಹಮ್ಮದ್ ಅಲಿಯ ಪಂದ್ಯ ನಡೆಸಿದರು. ವಿಯೆಟ್ನಾಂ ಯುದ್ಧದ ಬಗ್ಗೆ ಅಲಿ ಆಡಿದ ಮಾತಿಗೆ ಅಮೆರಿಕದ ಊರುಗಳು ಬಾಗಿಲು ಹಾಕಿದ್ದವು. ಹಾಗಾಗಿ ಬಾಕ್ಸರ್ ಚುವಾಲೊ ಜೊತೆಗಿನ ಆ 15 ಸುತ್ತಿನ ಪಂದ್ಯ ಕೆನಡಾದ ಟೊರಾಂಟೊದಲ್ಲಿ ಆಯಿತು. ಮುಂದೆ ಅವರದೇ ಟಾಪ್ ರ್‍ಯಾಂಕ್ ಕಂಪನಿ, 1985ರ ಹ್ಯಾಗ್ಲರ್ ಮತ್ತು ಹರ್ನ್ಸ್ ಪಂದ್ಯ, ಪಾಕಿಯಾವೊ, ಹೀಗೆ ದೊಡ್ಡ ಹೆಸರುಗಳೇ.

ಸಾಹೇಬರು ಕಪ್ಪು ಪುಟವನ್ನೂ ಬಿಡುವುದಿಲ್ಲ. ಬಾಕ್ಸರ್ ಫೋರ್‌ಮನ್ನನ 1995ರ ಪಂದ್ಯಕ್ಕೆ ಮಾನ್ಯತೆ ಸಿಗಲಿ ಅಂತ ಬಾಕ್ಸಿಂಗ್ ಸಂಸ್ಥೆಯ ಅಧ್ಯಕ್ಷನಿಗೆ 1 ಲಕ್ಷ ಡಾಲರ್ ಕೊಟ್ಟೆ ಅಂತ ಆರಮ್ 2000ನೇ ಇಸವಿಯಲ್ಲಿ ಕೋರ್ಟಿನಲ್ಲೇ ಸಾಕ್ಷಿ ಹೇಳಿದರು. ಅದೇ ವರ್ಷ ಅಲಿ ಹೆಸರಿನಲ್ಲೇ ಅಮೆರಿಕದಲ್ಲಿ ಒಂದು ಕಾನೂನು ಬಂತು. ಅದರ ಪ್ರಕಾರ ಪಂದ್ಯದಿಂದ ತನಗೆ ಬರುವ ದುಡ್ಡೆಷ್ಟು ಅಂತ ಪ್ರಮೋಟರ್ ತನ್ನ ಬಾಕ್ಸರಿಗೆ ತಿಳಿಸಲೇಬೇಕು. ಗೋಡೆಯ ಲೆಕ್ಕದ ಮೂಲ ಅದೇ. ಪೆಟ್ಟು ತಿನ್ನುವ ಮಗುವಿಗೆ ದುಡ್ಡಿನ ದಾರಿಯೂ ಗೊತ್ತಿರಬೇಕು ಅನ್ನುವುದು ಅವರ ವಾದ. ನನಗದು ನೂರಕ್ಕೆ ನೂರು ಒಪ್ಪಿಗೆ.

ಕೊರತೆಗಳೂ ಇವೆ. ಹುಡುಗಿಯರಿಗೆ ಬಟ್ಟೆ ಬದಲಿಸಲು ಸರಿಯಾದ ಕೋಣೆ ಇಲ್ಲ, ಪರದೆ ಕಟ್ಟಿದ್ದಾರೆ ಅಷ್ಟೇ. ಇದನ್ನು ಮೊದಲು ಸರಿಮಾಡಬೇಕು. ಎಲ್ಲರೂ ಹಾಕುವ ಗ್ಲೌಸು ಬೆವರಿಗೆ ನಾರುತ್ತವೆ. ತಗಡಿನ ಸೂರು ಬೇರೆ, ನಮ್ಮ ಬೇಸಿಗೆ ಗೊತ್ತಲ್ವಾ, ಮೇ ತಿಂಗಳಲ್ಲಿ ಸಂಜೆ ಬ್ಯಾಚ್ ಬೇಡವೇ ಬೇಡ.

ಕೋಚ್ ಚೆನ್ನಾಗಿದ್ದಾರೆ. ಪ್ರೋಟೀನ್ ಪುಡಿ ಡಬ್ಬಿ ಕೊಳ್ಳಿ ಅನ್ನುವುದಿಲ್ಲ. ಜೋಳದ ರೊಟ್ಟಿ, ತೊಗರಿಬೇಳೆ, ಮೊಟ್ಟೆ ಸಾಕು ಅನ್ನುತ್ತಾರೆ.

ಬೆಳಗಿನ ಬ್ಯಾಚಿಗೆ ಸೇರಿಸಿ. ಕೈಗೆ ಸುತ್ತುವ ಪಟ್ಟಿ, ಹಲ್ಲಿನ ಗಾರ್ಡ್, ಸಾಧ್ಯವಾದರೆ ಗ್ಲೌಸು ಕೂಡ ನಿಮ್ಮದೇ ಕೊಂಡುಕೊಳ್ಳಿ. ಪರೀಕ್ಷೆ ಹತ್ತಿರವಿದ್ದರೆ ಮೊದಲೇ ಹೇಳಿಬಿಡಿ, ಆ ತಿಂಗಳ ಫೀಸು ತಗೊಳ್ಳುವುದಿಲ್ಲ.