ಕಪ್ಪು ಹಲ್ಲು ಬಚಾವ್, ಬಿಳಿ ಹಲ್ಲಿಗೆ ಫಿಲ್ಲಿಂಗ್: ಡೆಂಟಲ್ ಕಾಲೇಜಿನ ಓಪಿಡಿ ಹೇಗಿದೆ?

ಮೊದಲು ಮನೆ ಹತ್ತಿರದ ಕ್ಲಿನಿಕ್ಕಿಗೇ ಹೋಗಿದ್ದೆ. ಮೇಲಿನ ದವಡೆ ಹಲ್ಲಲ್ಲಿ ಕಪ್ಪು ಗೆರೆ ಇತ್ತು, ಅದನ್ನು ನೋಡಿದ ಕೂಡಲೇ ಫಿಲ್ಲಿಂಗ್ ಮಾಡೋಣ, ಬೇಕಾದ್ರೆ ಕ್ಯಾಪ್ ಹಾಕೋಣ ಅಂದರು. ನಾನು ಹೋಗಿದ್ದು ಕೆಳಗಿನ ಬಲಗಡೆ ಹಲ್ಲು ಜುಂ ಅನ್ನುತ್ತೆ ಅಂತ. ಅದಕ್ಕೆ ಸೆನ್ಸಿಟಿವಿಟಿ ಪೇಸ್ಟ್ ಬರೆದುಕೊಟ್ಟರು, ಅಷ್ಟೇ. ಎಕ್ಸ್‌ರೇ ಇಲ್ಲ, ಏನಿಲ್ಲ. ಪೇಸ್ಟ್ ಹಚ್ಚಿಕೊಂಡು 3 ತಿಂಗಳು ಕಳೆದೆ. ತಪ್ಪು ನನ್ನದೂ ಇದೆ ಬಿಡಿ.

ಆಮೇಲೆ ನಮ್ಮೂರಿನ ಡೆಂಟಲ್ ಕಾಲೇಜಿಗೆ ಹೋದೆ. ಯಾವುದು ಅಂತ ಬೇಡ. ದಾವಣಗೆರೆ, ಧಾರವಾಡ, ಬೆಳಗಾವಿ, ಮಂಗಳೂರು, ಎಲ್ಲ ಕಡೆ ಇಂಥ ಕಾಲೇಜುಗಳಿವೆ, ವ್ಯವಸ್ಥೆ ಹೆಚ್ಚುಕಡಿಮೆ ಒಂದೇ. ಚೀಟಿ ಮಾಡಿಸಿದರೆ ಮೊದಲು ಓರಲ್ ಮೆಡಿಸಿನ್‌ನವರು ಬಾಯಿ ಪೂರ್ತಿ ನೋಡುತ್ತಾರೆ. ಫಿಲ್ಲಿಂಗ್, ರೂಟ್ ಕೆನಾಲ್ ಅಂದ್ರೆ ಕನ್ಸರ್ವೇಟಿವ್ ವಿಭಾಗಕ್ಕೆ, ಕ್ಯಾಪ್, ಹಲ್ಲಿನ ಸೆಟ್ ಅಂದ್ರೆ ಪ್ರೊಸ್ಥೊಗೆ ಕಳಿಸುತ್ತಾರೆ.

ನನ್ನನ್ನು ನೋಡಿದ್ದು ಒಬ್ಬ ಪಿಜಿ ಹುಡುಗಿ, ಅಂದ್ರೆ ಬಿಡಿಎಸ್ ಡಿಗ್ರಿ ಮುಗಿಸಿ ಅಲ್ಲೇ ಮುಂದೆ ಓದುತ್ತಿರುವ ಡಾಕ್ಟರ್. ಅವಳು ಕೇಳಿದ ಮೊದಲ ಪ್ರಶ್ನೆ "ನೋಯುತ್ತಾ" ಅಂತ ಅಲ್ಲ, "ಊಟ ಆದಮೇಲೆ ಒಂದೇ ಜಾಗದಲ್ಲಿ ಏನಾದ್ರೂ ಸಿಕ್ಕಿಹಾಕಿಕೊಳ್ಳುತ್ತಾ?" ಅಂತ. ಹೌದಲ್ವಾ! ಆರು ತಿಂಗಳಿಂದ ಮೆಂತ್ಯ ಸೊಪ್ಪಿನ ನಾರು, ಶೇಂಗಾ ಚೂರು, ಎಲ್ಲ ಅದೇ ಸಂದಿಗೆ. ಫ್ಲಾಸ್ ದಾರ ಹಾಕಿದರೆ ಅಲ್ಲಿ ಮಾತ್ರ ಎಳೆಎಳೆಯಾಗಿ ಹರಿಯುತ್ತಿತ್ತು. ದಾರ ಲೋಕಲ್ ಮಾಲು ಅಂದುಕೊಂಡಿದ್ದೆ. ಎರಡು ಹಲ್ಲಿನ ನಡುವೆ ಹುಳುಕು ಹಿಡಿದರೆ ಅಂಚು ಚೂಪಾಗಿ ದಾರ ಹರಿಯುತ್ತಂತೆ. ಕನ್ನಡಿಯಲ್ಲಿ ಎಷ್ಟು ಇಣುಕಿದರೂ ಕಾಣಲ್ಲ.

ಆಮೇಲೆ ತಣ್ಣನೆಯ ಸ್ಪ್ರೇ ಹೊಡೆದ ಹತ್ತಿಯ ಉಂಡೆ. ಮೊದಲು ಚೆನ್ನಾಗಿರುವ ಹಲ್ಲಿಗೆ ಇಟ್ಟಳು, ಅದು ಹೇಗೆ ಅನ್ನಿಸುತ್ತೆ ಅಂತ ನನಗೆ ಗೊತ್ತಾಗಲಿ ಎಂದು. ನಂತರ ನೋವಿನ ಹಲ್ಲಿಗೆ. ಚಳುಕ್ ಅಂದ ತಕ್ಷಣ ಕೈ ಎತ್ತಬೇಕು, ಹೋದ ತಕ್ಷಣ ಇಳಿಸಬೇಕು. ನಾನು ಎತ್ತಿದೆ, ಹತ್ತಿ ತೆಗೆದು ಎರಡು ಮೂರು ಸೆಕೆಂಡಿಗೆ ಇಳಿಸಿದೆ. "ಸದ್ಯ, ಫಿಲ್ಲಿಂಗ್‌ನಲ್ಲಿ ಮುಗಿಯಬಹುದು" ಅಂದಳು. ಹತ್ತಿ ತೆಗೆದ ಮೇಲೂ ಅರ್ಧ ನಿಮಿಷ ನೋವು ನಿಂತಿದ್ದರೆ, ಬಿಸಿ ಕಾಫಿಗೆ ಜಾಸ್ತಿ ಆಗುತ್ತಿದ್ದರೆ, ರಾತ್ರಿ ಸುಮ್ನೆ ಮಲಗಿದಾಗ ಎಬ್ಬಿಸುತ್ತಿದ್ದರೆ ಒಳಗಿನ ನರದವರೆಗೆ ಹೋಗಿದೆ ಅಂತ ಲೆಕ್ಕ, ಆಗ ಸಾಮಾನ್ಯವಾಗಿ ರೂಟ್ ಕೆನಾಲೇ. ಎಕ್ಸ್‌ರೇಯಲ್ಲೂ ಎರಡು ಹಲ್ಲು ತಾಗುವ ಜಾಗದಲ್ಲಿ ಕಪ್ಪು ನೆರಳು ಕಂಡಿತು, ನರದಿಂದ ಇನ್ನೂ ದೂರವೇ ಇತ್ತು. ಮೇಲಿನ ಆ ಕಪ್ಪು ಗೆರೆ? ಒಣಗಿಸಿ ನೋಡಿ ಬರೀ ಕಲೆ ಅಂದರು, ಮುಟ್ಟಲಿಲ್ಲ.

ಆ ರಾತ್ರಿ ನೋವಿನ ಮಾತು ಕೇಳುವಾಗ ಅಮ್ಮನ ನೆನಪಾಗಿ ಎದೆ ಧಸಕ್ ಅಂತು. ಅವರಿಗೆ ಹೋದ ವರ್ಷ ವಾರಗಟ್ಟಲೆ ರಾತ್ರಿ ನೋವಿತ್ತು, ಲವಂಗ ಇಟ್ಟುಕೊಂಡು ಕೂತಿದ್ದರು, ಒಂದು ದಿನ ತಾನಾಗೇ ಹೋಯಿತು. ವಾಸಿಯಾಯ್ತು ಅಂತ ನಾವೂ ಖುಷಿಪಟ್ಟೆವು. ವಾಸಿ ಅಲ್ಲ, ನರ ಸತ್ತಿತ್ತು. ಸತ್ತ ನರಕ್ಕೆ ತಣ್ಣಗೂ ಗೊತ್ತಾಗಲ್ಲ, ಬಿಸಿಯೂ ಗೊತ್ತಾಗಲ್ಲ. ತಿಂಗಳುಗಳ ಮೇಲೆ ಒಸಡಲ್ಲಿ ಚಿಕ್ಕ ಗುಳ್ಳೆ ಬಂದಿತ್ತು, ಅದನ್ನು ಉಷ್ಣ ಅಂದುಕೊಂಡಿದ್ದರು. ಮರುದಿನವೇ ಅವರನ್ನೂ ಕರೆದುಕೊಂಡು ಹೋದೆ. ಅವರಿಗೆ ರೂಟ್ ಕೆನಾಲ್ ಆಯಿತು. ಅಗಿಯುವ ಹಲ್ಲು, ಹಾಗೇ ಬಿಟ್ಟರೆ ಸೀಳಬಹುದು ಅಂತ ಕ್ಯಾಪೂ ಹೇಳಿದ್ದಾರೆ.

ಕೆಲಸದ ಬಗ್ಗೆ ಹೇಳಬೇಕಂದ್ರೆ ನಿಧಾನ. ತುಂಬಾ ನಿಧಾನ. ಒಂದು ಫಿಲ್ಲಿಂಗಿಗೆ ಕುರ್ಚಿಯಲ್ಲೇ ಒಂದೂವರೆ ಗಂಟೆ. ರಬ್ಬರ್ ಶೀಟ್ ಕಟ್ಟಿ, ಹುಳುಕು ತೆಗೆದು ಅವಳಿಗೆ ಕಲಿಸುವ ಮೇಡಂಗೆ ತೋರಿಸಿ, ಹಲ್ಲಿನ ಸುತ್ತ ತಗಡಿನ ಪಟ್ಟಿ ಹಾಕಿ ಮತ್ತೆ ತೋರಿಸಿ, ಸ್ವಲ್ಪಸ್ವಲ್ಪ ತುಂಬಿ ನೀಲಿ ಲೈಟ್ ಹಿಡಿದು ಮತ್ತೆ ತೋರಿಸಿ. ಮೇಡಂ ಬರುವವರೆಗೆ ಬಾಯಿ ತೆರೆದೇ ಇರಬೇಕು. ಆದ್ರೆ ಪ್ರತಿ ಹೆಜ್ಜೆಗೂ ಇನ್ನೊಂದು ಜೋಡಿ ಕಣ್ಣು ಬಿತ್ತಲ್ಲ, ಅದು ನನಗೆ ಇಷ್ಟವಾಯಿತು. ನನ್ನ ಬಾಯಿ ಇನ್ನೂ ಮರಗಟ್ಟಿರುವಾಗಲೇ "ಕಚ್ಚಿ ನೋಡಿ, ಎತ್ತರ ಇದೆಯಾ" ಅಂದರು, ಇಲ್ಲ ಅಂದೆ. ರಾತ್ರಿ ಊಟಕ್ಕೆ ಕೂತಾಗ ಕಲ್ಲು ಕಚ್ಚಿದ ಹಾಗಾಯಿತು. ಮರುದಿನ ಬಣ್ಣದ ಕಾಗದ ಕಚ್ಚಿಸಿ, ಗುರುತು ಬಿದ್ದ ಕಡೆ ಉಜ್ಜಿದರು, ಎರಡೇ ನಿಮಿಷ, ದುಡ್ಡಿಲ್ಲ. ನಿಮಗೂ ಹಾಗಾದರೆ ಸಂಕೋಚ ಬೇಡ, ಹೋಗಿ ಹೇಳಿ.

ಹೊರಗಿನ ಕ್ಲಿನಿಕ್ಕಿನ ರೇಟಿನಲ್ಲಿ ಮೂರನೇ ಒಂದು ಭಾಗವೂ ಆಗಲಿಲ್ಲ. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋಗಿ, ಬೆಳಿಗ್ಗೆ ಬೇಗ ಹೋಗಿ. ಎಕ್ಸ್‌ರೇ ಕೌಂಟರಿನ ಕ್ಯೂ ರೇಷನ್ ಅಂಗಡಿಯ ಹಾಗಿದೆ, ಊಟದ ಹೊತ್ತಿಗೆ ಸಿಕ್ಕಿಬಿದ್ದರೆ ಮುಗೀತು. ಐದಕ್ಕೆ ನಾಲ್ಕು ಸ್ಟಾರ್, ಕಟ್ ಮಾಡಿದ ಒಂದು ಆ ಕ್ಯೂಗೆ.

ಅಮ್ಮನ ಕ್ಯಾಪ್ ಮುಂದಿನ ವಾರ. ಅಲ್ಲಿಯವರೆಗೆ ಆ ಕಡೆ ನಿಪ್ಪಟ್ಟು ಕಡಿಯಬೇಡಿ ಅಂದಿದ್ದಾರೆ, ಕಾಫಿಯಲ್ಲಿ ಅದ್ದಿಕೊಂಡು ತಿನ್ನುತ್ತಿದ್ದಾರೆ.